ಅಮೆರಿಕ ಯುನೆಸ್ಕೊ ಬಿಟ್ಟರೆ ಹಂಪಿ, ಹಿರೇಬೆಣಕಲ್ ಕತೆ ಏನು?

2025ರ ಜುಲೈ 11ರಂದು ಮರಾಠರ ಹನ್ನೆರಡು ಕೋಟೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಎಂಬ ಸಂಭ್ರಮದ ಸುದ್ದಿ ಬಂತು. ಹನ್ನೊಂದು ದಿನ ಕಳೆಯುವಷ್ಟರಲ್ಲಿ, ಆ ಪಟ್ಟಿಯನ್ನು ನಿರ್ವಹಿಸುವ ಯುನೆಸ್ಕೊದಿಂದಲೇ ಹೊರಹೋಗುವುದಾಗಿ ಅಮೆರಿಕ ಘೋಷಿಸಿತು. ಒಂದೇ ಸಂಸ್ಥೆಯ ಬಗ್ಗೆ ಬಂದ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ. ತುಂಗಭದ್ರೆಯ ಎರಡೂ ದಂಡೆಯವರಿಗೆ ಈ ಗೊಂದಲ ಇನ್ನೂ ಹತ್ತಿರದ್ದು. ಹಂಪಿಯ ಪಟ್ಟ ಉಳಿಯುತ್ತದೆಯೇ? ಅದೇ ಪಟ್ಟಕ್ಕಾಗಿ ಕಾದಿರುವ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಸರದಿ ಇನ್ನೂ ಹಿಂದಕ್ಕೆ ಹೋಗುತ್ತದೆಯೇ? ಹೆಚ್ಚು ಜನ ಕೇಳದ ಮೂರನೆಯ ಪ್ರಶ್ನೆಯೂ ಒಂದಿದೆ. ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ವಿರುದ್ಧ ಸರ್ಕಾರಗಳನ್ನು ಕಟ್ಟಿಹಾಕಿರುವ ಅಂತರರಾಷ್ಟ್ರೀಯ ಒಡಂಬಡಿಕೆಯೂ ಯುನೆಸ್ಕೊದ್ದೇ. ಅದರ ಗತಿ ಏನು?

ಮೊದಲೆರಡು ಪ್ರಶ್ನೆಗಳಿಗೆ ನೇರ ಉತ್ತರವಿದೆ: ಹಂಪಿಯ ಪಟ್ಟಕ್ಕೆ ಧಕ್ಕೆಯಿಲ್ಲ, ಹಿರೇಬೆಣಕಲ್ಲಿನ ವಿಳಂಬಕ್ಕೆ ಅಮೆರಿಕ ಕಾರಣವಲ್ಲ. ಆದರೆ ‘ಹಾಗಾದರೆ ಚಿಂತೆಯಿಲ್ಲ’ ಎಂದು ಪತ್ರಿಕೆ ಮಡಚಿಡುವ ಹಾಗೂ ಇಲ್ಲ.

ಬಿಟ್ಟಿದೆಯೋ, ಬಿಡಲಿದೆಯೋ

ಯುನೆಸ್ಕೊದ ಸಂವಿಧಾನದ ಪ್ರಕಾರ ಒಂದು ದೇಶ ನೋಟಿಸ್ ಕೊಟ್ಟರೆ ಅದು ಜಾರಿಗೆ ಬರುವುದು ಮರುವರ್ಷದ ಡಿಸೆಂಬರ್ 31ಕ್ಕೆ. ಅಮೆರಿಕ ನೋಟಿಸ್ ಕೊಟ್ಟದ್ದು 2025ರಲ್ಲಿ. ಆದ್ದರಿಂದ ಅದರ ಸದಸ್ಯತ್ವ ಕೊನೆಯಾಗುವುದು 2026ರ ಡಿಸೆಂಬರ್ 31ಕ್ಕೆ. ಕೆಲವು ವರದಿಗಳಲ್ಲಿ ‘ಹೊರನಡೆಯಿತು’ ಎಂದೂ ಕೆಲವದರಲ್ಲಿ ‘ಹೊರನಡೆಯಲಿದೆ’ ಎಂದೂ ಬಂದಿರುವುದಕ್ಕೆ ಈ ಅಂತರವೇ ಕಾರಣ.

ಇದು ಮೊದಲನೆಯ ಸಲವೂ ಅಲ್ಲ. 1984ರಲ್ಲಿ ರೇಗನ್ ಆಡಳಿತ ಯುನೆಸ್ಕೊ ಬಿಟ್ಟಿತು. 2003ರಲ್ಲಿ ಬುಷ್ ಕಾಲದಲ್ಲಿ ಅಮೆರಿಕ ಮರಳಿತು. 2011ರಲ್ಲಿ ಪ್ಯಾಲೆಸ್ಟೀನ್‌ಗೆ ಸದಸ್ಯತ್ವ ಕೊಟ್ಟಾಗ, ಅಮೆರಿಕದ್ದೇ ಹಳೆಯ ಕಾನೂನು ಅಡ್ಡ ಬಂದು ವಂತಿಗೆ ನಿಂತಿತು. 2017ರಲ್ಲಿ ಮತ್ತೆ ನೋಟಿಸ್, 2018ರ ಕೊನೆಗೆ ನಿರ್ಗಮನ, 2023ರಲ್ಲಿ ಬೈಡನ್ ಕಾಲದಲ್ಲಿ ಮರುಪ್ರವೇಶ. ಈಗ ಮೂರನೆಯ ನಿರ್ಗಮನ.

ಅಮೆರಿಕದ ವಾದವನ್ನು ಅದರ ಮಾತಿನಲ್ಲೇ ಕೇಳುವುದು ನ್ಯಾಯ. ಯುನೆಸ್ಕೊ ಸಮಾಜವನ್ನು ಒಡೆಯುವ ಸಾಂಸ್ಕೃತಿಕ ವಿಚಾರಗಳನ್ನು ಮುಂದೆ ಮಾಡುತ್ತಿದೆ, ಸುಸ್ಥಿರ ಅಭಿವೃದ್ಧಿಯ ಗುರಿಗಳ ಹೆಸರಿನಲ್ಲಿ ಜಾಗತಿಕ ಸಿದ್ಧಾಂತವೊಂದನ್ನು ಹೇರುತ್ತಿದೆ, ಇಸ್ರೇಲ್ ವಿರುದ್ಧ ಪಕ್ಷಪಾತ ತೋರಿಸುತ್ತಿದೆ ಎಂಬುದು ಅದರ ದೂರು. ಯುನೆಸ್ಕೊ ಇದನ್ನು ಒಪ್ಪುವುದಿಲ್ಲ. 2018ರ ನಂತರ ತಾನು ಸುಧಾರಣೆ ಮಾಡಿಕೊಂಡಿದ್ದೇನೆ, ಒಂದು ಕಾಲದಲ್ಲಿ ಬಜೆಟ್ಟಿನ ಶೇ 22ರಷ್ಟಿದ್ದ ಅಮೆರಿಕದ ಪಾಲು ಈಗ ಶೇ 8ರಷ್ಟಕ್ಕೆ ಇಳಿದಿದೆ, ಆದ್ದರಿಂದ ಈ ಪೆಟ್ಟು ತಡೆದುಕೊಳ್ಳುವಂಥದ್ದು ಎಂಬುದು ಅದರ ಉತ್ತರ. ಪಕ್ಷಪಾತದ ದೂರನ್ನು ಪೂರ್ತಿ ತಳ್ಳಿಹಾಕಲಾಗದು. ದೇಶಗಳು ಕೂಡಿ ನಡೆಸುವ ಯಾವ ಸಂಸ್ಥೆಯಲ್ಲೂ ರಾಜಕೀಯ ಇರುತ್ತದೆ. ಆದರೆ ಆ ರಾಜಕೀಯವನ್ನು ಒಳಗೆ ಕೂತು ಎದುರಿಸುವುದು ಒಳ್ಳೆಯದೋ, ಎದ್ದು ಹೋಗುವುದು ಒಳ್ಳೆಯದೋ ಎಂಬ ಬಗ್ಗೆ ಅಮೆರಿಕದೊಳಗೇ ಒಮ್ಮತವಿಲ್ಲ. ನಲವತ್ತು ವರ್ಷಗಳಲ್ಲಿ ಮೂರು ಸಲ ಹೋಗಿ ಎರಡು ಸಲ ಬಂದದ್ದೇ ಅದಕ್ಕೆ ಸಾಕ್ಷಿ.

ಸದಸ್ಯತ್ವ ಬೇರೆ, ಒಡಂಬಡಿಕೆ ಬೇರೆ

ಗೊಂದಲದ ಬೇರು ಇಲ್ಲಿದೆ. ಹಂಪಿಯ ಪಟ್ಟ ನಿಂತಿರುವುದು 1972ರ ವಿಶ್ವ ಪರಂಪರೆ ಒಡಂಬಡಿಕೆಯ ಮೇಲೆ. ಅದು ದೇಶಗಳು ತಮ್ಮತಮ್ಮಲ್ಲಿ ಸಹಿ ಮಾಡಿಕೊಂಡ ಕರಾರು. ಯುನೆಸ್ಕೊ ಅದರ ಕಚೇರಿ ಕೆಲಸ ನೋಡಿಕೊಳ್ಳುತ್ತದೆ. ಹಾಲಿನ ಸೊಸೈಟಿಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಪಕ್ಕದ ಹೊಲದವನೊಂದಿಗೆ ಬರೆದುಕೊಂಡ ಕಾಲುವೆ ನೀರಿನ ಕರಾರು ರದ್ದಾಗುವುದಿಲ್ಲವಲ್ಲ, ಹಾಗೆ. ಒಡಂಬಡಿಕೆಯಿಂದ ಹೊರಬರಬೇಕಾದರೆ ಬೇರೆಯೇ ಪತ್ರ ಕೊಡಬೇಕು. 1984ರಲ್ಲಾಗಲಿ 2018ರಲ್ಲಾಗಲಿ ಅಮೆರಿಕ ಅಂಥ ಪತ್ರ ಕೊಡಲಿಲ್ಲ.

ಕೊಡದಿರಲು ಕಾರಣವೂ ಇತ್ತು. ಆ ಒಡಂಬಡಿಕೆಯನ್ನು 1973ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಅಮೆರಿಕವೇ. ಭಾರತ ಅನುಮೋದಿಸಿದ್ದು 1977ರಲ್ಲಿ. 1978ರಲ್ಲಿ ಪ್ರಕಟವಾದ ಮೊದಲ ಪಟ್ಟಿಯ ಹನ್ನೆರಡು ತಾಣಗಳಲ್ಲಿ ಅಮೆರಿಕದ ಎಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವೂ ಇತ್ತು.

ಈ ಎಲ್ಲೋಸ್ಟೋನ್ ಪ್ರಸಂಗ ಬಳ್ಳಾರಿಯವರಿಗೆ ತುಂಬ ಪರಿಚಿತ ಎನಿಸಬಹುದು. ಉದ್ಯಾನದ ಅಂಚಿನಲ್ಲೇ ಚಿನ್ನದ ಗಣಿಯೊಂದನ್ನು ತೆರೆಯುವ ಯೋಜನೆ ಇತ್ತು. 1995ರಲ್ಲಿ ವಿಶ್ವ ಪರಂಪರೆ ಸಮಿತಿ ಎಲ್ಲೋಸ್ಟೋನನ್ನು ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಸೇರಿಸಿತು. ಮರುವರ್ಷವೇ ಕ್ಲಿಂಟನ್ ಸರ್ಕಾರ ಗಣಿ ಯೋಜನೆಯನ್ನು ನಿಲ್ಲಿಸಿತು. 2003ರಲ್ಲಿ ಉದ್ಯಾನ ಅಪಾಯದ ಪಟ್ಟಿಯಿಂದ ಹೊರಬಂತು. ಗಮನಿಸಬೇಕಾದದ್ದು ಇಸವಿಗಳನ್ನು: ಇದೆಲ್ಲ ಶುರುವಾಗಿ ಗಣಿ ನಿಂತಾಗ ಅಮೆರಿಕ ಯುನೆಸ್ಕೊದ ಸದಸ್ಯನೇ ಆಗಿರಲಿಲ್ಲ. ಸದಸ್ಯತ್ವ ಇಲ್ಲದಿದ್ದರೂ ಒಡಂಬಡಿಕೆ ಅದರ ಮೇಲೆ ಕೆಲಸ ಮಾಡಿತು.

ಅಮೆರಿಕದ ಸ್ವಂತ ತಾಣಗಳಿಗೇ ಹೀಗಿರುವಾಗ, ಅದರ ನಿರ್ಗಮನದಿಂದ ಭಾರತದ ತಾಣವೊಂದು ಪಟ್ಟ ಕಳೆದುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಇದುವರೆಗೆ ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದುಹಾಕಿರುವುದು ಮೂರೇ ತಾಣಗಳನ್ನು: 2007ರಲ್ಲಿ ಒಮಾನಿನ ಓರಿಕ್ಸ್ ಅಭಯಾರಣ್ಯ, 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ಕಣಿವೆ, 2021ರಲ್ಲಿ ಬ್ರಿಟನ್ನಿನ ಲಿವರ್‌ಪೂಲ್ ಬಂದರು. ಮೂರೂ ಕಡೆ ಹಾನಿ ಮಾಡಿದ್ದು ಆಯಾ ದೇಶದವರೇ. ಒಮಾನ್ ಅಭಯಾರಣ್ಯದ ಬಹುಭಾಗವನ್ನು ಕತ್ತರಿಸಿತು, ಡ್ರೆಸ್ಡೆನ್ ನದಿಗೆ ಅಡ್ಡಲಾಗಿ ಸೇತುವೆ ಕಟ್ಟಿತು, ಲಿವರ್‌ಪೂಲ್ ಹಳೆಯ ಹಡಗುಕಟ್ಟೆಗಳ ಮೇಲೆ ಹೊಸ ಕಟ್ಟಡ ಎಬ್ಬಿಸಲು ಹೊರಟಿತು.

ಹಂಪಿಯ ಕಂಬವನ್ನು ಎತ್ತಿ ನಿಲ್ಲಿಸುವವರು ಯಾರು

ಯುನೆಸ್ಕೊ ಹಣ ನಿಂತರೆ ಹಂಪಿಯ ಜೀರ್ಣೋದ್ಧಾರ ನಿಲ್ಲುತ್ತದೆ ಎಂಬ ಭಾವನೆ ಸಾಕಷ್ಟು ಹರಡಿದೆ. ಅದು ವಸ್ತುಸ್ಥಿತಿಗೆ ದೂರ. ಹಂಪಿಯ ರಕ್ಷಿತ ಸ್ಮಾರಕಗಳ ದುರಸ್ತಿ, ಕಾವಲು, ಉತ್ಖನನ ಎಲ್ಲವೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮತ್ತು ರಾಜ್ಯ ಪುರಾತತ್ವ ಇಲಾಖೆಯ ಜವಾಬ್ದಾರಿ. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿ ಏನು ಕಟ್ಟಬಹುದು ಎಂದು ತೀರ್ಮಾನಿಸುವುದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಅದು ರಾಜ್ಯದ ಕಾನೂನಿನಿಂದ ಹುಟ್ಟಿದ್ದು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಸ್ಥಾನದ ಮುಂದಿನ ರಥಬೀದಿಯಲ್ಲಿ ಸಾಲುಮಂಟಪದ ಒಂದು ಭಾಗ ಕುಸಿದಾಗ ಉತ್ತರ ಹೇಳಬೇಕಾಗಿ ಬಂದದ್ದು ಪುರಾತತ್ವ ಇಲಾಖೆಯೇ ಹೊರತು ಪ್ಯಾರಿಸ್ಸಿನ ಯಾವ ಕಚೇರಿಯೂ ಅಲ್ಲ.

ಒಡಂಬಡಿಕೆಗೆ ಸೇರಿದ ವಿಶ್ವ ಪರಂಪರೆ ನಿಧಿ ಎಂಬುದೊಂದಿದೆ. ಅದು ವರ್ಷಕ್ಕೆ ಕೆಲವೇ ಮಿಲಿಯನ್ ಡಾಲರುಗಳ ಸಣ್ಣ ಗಂಟು. ಜಗತ್ತಿನಾದ್ಯಂತ ಸಾವಿರಕ್ಕೂ ಮಿಕ್ಕ ತಾಣಗಳಿವೆ, ಸಹಾಯದಲ್ಲಿ ಆದ್ಯತೆ ಬಡ ದೇಶಗಳಿಗೆ. ಭಾರತ ಈಗ ಅಲ್ಲಿ ಕೊಡುವವರ ಸಾಲಿನಲ್ಲಿದೆ: 2024ರ ಜುಲೈನಲ್ಲಿ ದೆಹಲಿಯಲ್ಲಿ ವಿಶ್ವ ಪರಂಪರೆ ಸಮಿತಿಯ ಅಧಿವೇಶನ ನಡೆದಾಗ, ಯುನೆಸ್ಕೊದ ವಿಶ್ವ ಪರಂಪರೆ ಕೇಂದ್ರಕ್ಕೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಪ್ರಧಾನಿ ಘೋಷಿಸಿದರು.

ಕಾವಲುಗಾರನನ್ನೂ ಕಳಿಸದ, ಹಣವನ್ನೂ ಹೆಚ್ಚು ಕೊಡದ ಸಂಸ್ಥೆಯ ಪಟ್ಟದಿಂದ ಆಗುವುದಾದರೂ ಏನು? ಇದಕ್ಕೆ ಉತ್ತರ ಹಂಪಿಯ ಆಚೆ ದಂಡೆಯ ಆನೆಗೊಂದಿಯ ಸೇತುವೆಯಲ್ಲಿದೆ.

ಮರ್ಯಾದೆಗೆ ಅಂಜುವ ಲೆಕ್ಕಾಚಾರ

ಹಂಪಿ ಪಟ್ಟಿಗೆ ಸೇರಿದ್ದು 1986ರಲ್ಲಿ. ಆಗ ಅದೆಲ್ಲ ಬಳ್ಳಾರಿ ಮತ್ತು ಅವಿಭಜಿತ ರಾಯಚೂರು ಜಿಲ್ಲೆಗಳ ನಡುವೆ ಹಂಚಿಹೋಗಿತ್ತು. ಇಂದು ನದಿಯ ಈಚೆ ವಿಜಯನಗರ, ಆಚೆ ಕೊಪ್ಪಳ. ತೊಂಬತ್ತರ ದಶಕದ ಕೊನೆಗೆ ತಳವಾರಘಟ್ಟ–ಆನೆಗೊಂದಿ ನಡುವೆ ವಾಹನಗಳ ಸೇತುವೆಯ ಕೆಲಸ ಶುರುವಾಯಿತು. ಹತ್ತಿರದಲ್ಲೇ ಇನ್ನೊಂದು ಕಾಲುಸೇತುವೆಯೂ ಎದ್ದಿತು. ಹರಿಗೋಲನ್ನೇ ನಂಬಿದ್ದ ಆಚೆ ದಂಡೆಯವರಿಗೆ ಸೇತುವೆ ಬೇಕೇ ಬೇಕಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಸ್ಪತ್ರೆಗೂ ಸುತ್ತುಬಳಸಿಯೇ ಹೋಗಬೇಕಾದ ಸ್ಥಿತಿ ಅದು. ಆದರೆ ಸ್ಮಾರಕಗಳ ನಡುವೆಯೇ ಲಾರಿಗಳ ದಾರಿ ತೆರೆದುಕೊಳ್ಳುತ್ತಿತ್ತು. 1999ರಲ್ಲಿ ಸಮಿತಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು.

ಆ ನಂತರ ಒಂದರ ಬೆನ್ನಿಗೆ ಒಂದು ನಡೆದವು. ಸೇತುವೆಯ ಕೆಲಸ ನಿಂತಿತು. ಪ್ರಾಧಿಕಾರಕ್ಕಾಗಿ 2002ರಲ್ಲಿ ರಾಜ್ಯ ಕಾನೂನು ಮಾಡಿತು. ಸಮಗ್ರ ನಿರ್ವಹಣಾ ಯೋಜನೆ ಸಿದ್ಧವಾಯಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಸೇತುವೆಯ ಕೆಲಸ ಮತ್ತೆ ಆರಂಭವಾಗಿ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡದ್ದು ಬೇರೆಯೇ ದುಃಖದ ಅಧ್ಯಾಯ. ಕೊನೆಗೆ ಸೇತುವೆ ಬಂದದ್ದು ಕೆಳಗಡೆ, ಕಡೆಬಾಗಿಲು–ಬುಕ್ಕಸಾಗರ ನಡುವೆ.

ಯುನೆಸ್ಕೊ ಇಲ್ಲಿ ದಂಡ ಹಾಕಲಿಲ್ಲ, ತಡೆಯಾಜ್ಞೆ ತರಲಿಲ್ಲ. ಅದರ ಕೈಯಲ್ಲಿದ್ದದ್ದು ಒಂದೇ: ಜಗತ್ತಿನ ಮುಂದೆ ಹೆಸರು ಕೆಡಿಸುವ ಶಕ್ತಿ. ಆ ಹೆಸರು ಕೆಡುವುದಕ್ಕೆ ದೆಹಲಿ ಮತ್ತು ಬೆಂಗಳೂರು ಅಂಜಿದ್ದರಿಂದ ಕಾನೂನು ಹುಟ್ಟಿತು. ಕಾನೂನು ಹುಟ್ಟಿದ್ದರಿಂದ ಮುಂದೆ ನ್ಯಾಯಾಲಯಗಳಿಗೆ ಹಿಡಿಯಲು ಹಿಡಿ ಸಿಕ್ಕಿತು. ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವುಗೊಳಿಸುವ ಆದೇಶವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ 1999ರ ಆ ಮುಜುಗರಕ್ಕೇ ಬಂದು ನಿಲ್ಲುತ್ತೇವೆ.

ಈ ಅಂಜಿಕೆಗೆ ಬೆಲೆ ತೆತ್ತವರೂ ಇದ್ದಾರೆ. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಆನೆಗೊಂದಿ ಸುತ್ತಿನ ಹಳ್ಳಿಗಳಲ್ಲಿ ಮನೆಗೆ ಒಂದು ಕೋಣೆ ಸೇರಿಸಬೇಕಾದರೂ ಅನುಮತಿಯ ಅಲೆದಾಟ. ‘ಕಲ್ಲಿಗಿರುವ ಬೆಲೆ ನಮಗಿಲ್ಲ’ ಎಂಬ ಮಾತು ಇಲ್ಲಿ ಹುಟ್ಟಿದರೆ ಅದಕ್ಕೆ ಕಾರಣವಿದೆ. ಆದರೆ ಆ ತೊಂದರೆ ಬಂದದ್ದು ಪಟ್ಟದಿಂದಲ್ಲ, ನಿಯಮವನ್ನು ಜಾರಿ ಮಾಡುವ ರೀತಿಯಿಂದ. ಎಬ್ಬಿಸಿದವರಿಗೆ ಮೊದಲು ನೆಲೆ ಕೊಟ್ಟು ಆಮೇಲೆ ಜೆಸಿಬಿ ತರಬಾರದು ಎಂದು ಯಾವ ಒಡಂಬಡಿಕೆಯೂ ಹೇಳಿಲ್ಲ.

ಹಿರೇಬೆಣಕಲ್ಲಿನ ಸರದಿ

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು ನಾಲ್ಕುನೂರು ಶಿಲಾಸಮಾಧಿಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ, ಕಬ್ಬಿಣ ಯುಗದ ಜನ ಬಂಡೆಗಳನ್ನು ಚಪ್ಪಡಿಗಳಾಗಿ ಸೀಳಿ, ನಿಲ್ಲಿಸಿ, ಮೇಲೊಂದು ಹಾಸುಕಲ್ಲು ಹೊದಿಸಿ, ಎದುರಿಗೆ ದುಂಡನೆಯ ಕಿಂಡಿ ಕೊರೆದ ಮನೆಗಳಂಥ ರಚನೆಗಳು ಅವು. ಹೊಡೆದರೆ ನಗಾರಿಯಂತೆ ದೂರಕ್ಕೆ ಕೇಳಿಸುವ ಅರ್ಧಗೋಳದ ಬಂಡೆಯೂ ಅಲ್ಲಿದೆ. 1835ರಲ್ಲೇ ಮೆಡೋಸ್ ಟೇಲರ್ ಇದರ ಬಗ್ಗೆ ಬರೆದಿದ್ದ.

ಈ ತಾಣ 2021ರಲ್ಲಿ ‘ತಾತ್ಕಾಲಿಕ ಪಟ್ಟಿ’ಗೆ ಸೇರಿತು. ಆಗ ‘ಹಿರೇಬೆಣಕಲ್‌ಗೆ ವಿಶ್ವ ಮಾನ್ಯತೆ’ ಎಂದು ಸಂಭ್ರಮಿಸಿದವರು ಸ್ವಲ್ಪ ಅವಸರ ಮಾಡಿದರು. ತಾತ್ಕಾಲಿಕ ಪಟ್ಟಿಯನ್ನು ತಯಾರಿಸುವುದು ಭಾರತ ಸರ್ಕಾರ. ಮುಂದೆಂದಾದರೂ ನಾಮನಿರ್ದೇಶನ ಮಾಡುವ ಉದ್ದೇಶವಿದೆ ಎಂದು ಯುನೆಸ್ಕೊಗೆ ತಿಳಿಸುವ ಪಟ್ಟಿ ಅದು. ಅದರಲ್ಲಿ ಹೆಸರಿದ್ದರೆ ಪಟ್ಟ ಸಿಕ್ಕಂತಲ್ಲ, ಪಟ್ಟ ಕೇಳುವ ಅರ್ಹತೆ ಸಿಕ್ಕಂತೆ. 2025ರ ಮಾರ್ಚಿನಲ್ಲಿ ಮೌರ್ಯರ ಕಾಲದ ದಾರಿಗಳುದ್ದಕ್ಕೂ ಇರುವ ಅಶೋಕನ ಶಾಸನ ತಾಣಗಳು ಒಂದು ಗುಚ್ಛವಾಗಿ ಇದೇ ಪಟ್ಟಿಗೆ ಹೋದವು. ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಮತ್ತು ನಿಟ್ಟೂರು, ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಇರುವ ಈ ಸೀಮೆಗೆ ಆ ಗುಚ್ಛದಲ್ಲಿ ಸಹಜವಾಗಿಯೇ ಆಸಕ್ತಿ. ಆದರೆ ಅದೂ ಸರದಿಯಲ್ಲಿ ನಿಂತ ಇನ್ನೊಂದು ಅರ್ಜಿಯೇ.

ಈ ಸರದಿ ನಿಧಾನವಾಗಿರುವುದಕ್ಕೆ ಅಮೆರಿಕಕ್ಕೂ ಏನೂ ಸಂಬಂಧವಿಲ್ಲ. 2020ರಿಂದ ಒಂದು ದೇಶ ವರ್ಷಕ್ಕೆ ಒಂದೇ ನಾಮನಿರ್ದೇಶನ ಮಾಡಬಹುದು. ಭಾರತದ ತಾತ್ಕಾಲಿಕ ಪಟ್ಟಿಯಲ್ಲಿ ಅರವತ್ತಕ್ಕೂ ಹೆಚ್ಚು ಹೆಸರುಗಳಿವೆ. ವರ್ಷಕ್ಕೊಂದರಂತೆ ಕಳಿಸಿದರೆ ಕೊನೆಯದರ ಸರದಿ ಬರುವಾಗ ಇಂದು ಶಾಲೆಗೆ ಹೋಗುವ ಮಕ್ಕಳು ನಿವೃತ್ತರಾಗಿರುತ್ತಾರೆ. ಹಾಗೆಂದು ಪಟ್ಟಿ ವಯಸ್ಸಿನ ಪ್ರಕಾರ ಚಲಿಸುವುದೂ ಇಲ್ಲ. ಮರಾಠರ ಕೋಟೆಗಳು ತಾತ್ಕಾಲಿಕ ಪಟ್ಟಿ ಸೇರಿದ್ದು ಹಿರೇಬೆಣಕಲ್ ಸೇರಿದ ಅದೇ 2021ರಲ್ಲಿ. ನಾಲ್ಕೇ ವರ್ಷಗಳಲ್ಲಿ ಅವು ಪಟ್ಟ ಪಡೆದವು. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ 2014ರಿಂದ 2023ರವರೆಗೆ ಒಂಬತ್ತು ವರ್ಷ ಹಿಡಿಯಿತು. ವ್ಯತ್ಯಾಸ ಮಾಡುವುದು ರಾಜ್ಯ ಸರ್ಕಾರದ ಒತ್ತಾಸೆ, ಕಡತದ ಸಿದ್ಧತೆ, ಗಡಿ ಗುರುತಿಸಿದ ನಕ್ಷೆ, ಕಾನೂನಿನ ರಕ್ಷಣೆ, ನಿರ್ವಹಣಾ ಯೋಜನೆ. ಇವೆಲ್ಲ ಇಲ್ಲಿನ ಕೆಲಸಗಳು.

ಕಳವಾದ ವಿಗ್ರಹಗಳು

ಇದನ್ನು ಬೇಗ ಮುಗಿಸಬಹುದು. ಕಳ್ಳಸಾಗಣೆಯಾದ ಪ್ರಾಚೀನ ವಸ್ತುಗಳ ಬಗ್ಗೆ ಯುನೆಸ್ಕೊದ 1970ರ ಒಡಂಬಡಿಕೆ ಇದೆ. ಅಮೆರಿಕ ಅದನ್ನು 1983ರಲ್ಲಿ ತನ್ನದೇ ಕಾನೂನಾಗಿ ಮಾಡಿಕೊಂಡಿತು, ಮರುವರ್ಷ ಯುನೆಸ್ಕೊ ಬಿಟ್ಟರೂ ಆ ಕಾನೂನನ್ನು ಬಿಡಲಿಲ್ಲ. 2024ರ ಜುಲೈನಲ್ಲಿ ಭಾರತದೊಂದಿಗೆ ಸಾಂಸ್ಕೃತಿಕ ಸ್ವತ್ತಿನ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ಸೆಪ್ಟೆಂಬರಿನಲ್ಲಿ 297 ವಸ್ತುಗಳನ್ನು ಮರಳಿಸಿತು. ಇದು ಎರಡು ದೇಶಗಳ ನಡುವಿನ ಒಪ್ಪಂದವಾದ್ದರಿಂದ ಯುನೆಸ್ಕೊ ಸದಸ್ಯತ್ವದ ಏರಿಳಿತ ಇದನ್ನು ತಟ್ಟಬೇಕಾಗಿಲ್ಲ. ಕಾಡುವ ತೊಂದರೆ ಬೇರೆ: ಕಳವಾದದ್ದು ನಮ್ಮದೇ ಎಂದು ತೋರಿಸಲು ಹಳೆಯ ಫೋಟೊ, ದಾಖಲೆ ಬೇಕು. ಊರ ಹೊರಗಿನ ಹಾಳುಗುಡಿಯ ವೀರಗಲ್ಲಿಗೂ ಸಪ್ತಮಾತೃಕೆಯರ ಫಲಕಕ್ಕೂ ಅಂಥ ದಾಖಲೆ ಇರುವುದು ಅಪರೂಪ.

ಆಟದ ಅಂಗಳದಲ್ಲಿ ಯುನೆಸ್ಕೊಗೆ ಏನು ಕೆಲಸ

ಹಂಪಿಯಿಂದ ಒಂದು ಗಂಟೆಯ ದಾರಿಯಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ತರಬೇತಿಗೆ ದೇಶದ ಮೂಲೆಮೂಲೆಯ ಕ್ರೀಡಾಪಟುಗಳು ಅಲ್ಲಿಗೆ ಬರುತ್ತಾರೆ. ಇಂಥ ಎತ್ತರದ ಹಂತ ಮುಟ್ಟಿದ ಯಾವ ಕ್ರೀಡಾಪಟುವಾದರೂ, ಎಲ್ಲೇ ಅಭ್ಯಾಸ ಮಾಡುತ್ತಿರಲಿ, ಪರೀಕ್ಷೆಯ ಪಟ್ಟಿಯಲ್ಲಿದ್ದರೆ ತಾನು ಪ್ರತಿದಿನ ಎಲ್ಲಿ ಸಿಗುತ್ತೇನೆಂದು ಮುಂಚಿತವಾಗಿ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಮದ್ದು ತೆಗೆದುಕೊಳ್ಳದಿದ್ದರೂ, ನಿಷೇಧ ಬೀಳಬಹುದು.

ಈ ನಿಯಮ ಬರೆಯುವುದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ. 1999ರಲ್ಲಿ ಹುಟ್ಟಿದ ವಾಡಾ ಸ್ವಿಟ್ಜರ್ಲೆಂಡಿನ ಕಾನೂನಿನಡಿ ನೋಂದಾಯಿತವಾದ ಖಾಸಗಿ ಪ್ರತಿಷ್ಠಾನ. ಅದರ ಖರ್ಚಿನ ಅರ್ಧ ಸರ್ಕಾರಗಳದ್ದು, ಅರ್ಧ ಒಲಿಂಪಿಕ್ ಸಂಸ್ಥೆಗಳದ್ದು. ಖಾಸಗಿ ಸಂಸ್ಥೆಯೊಂದು ಕ್ರೀಡಾ ಒಕ್ಕೂಟಗಳನ್ನು ಕಟ್ಟಿಹಾಕಬಲ್ಲದು, ಸಾರ್ವಭೌಮ ಸರ್ಕಾರಗಳನ್ನಲ್ಲ. ಮದ್ದಿನ ಮಾರಾಟ ತಡೆಯಬೇಕಾದರೆ, ಗಡಿಯಲ್ಲಿ ಹಿಡಿಯಬೇಕಾದರೆ, ತಪ್ಪು ಮಾಡಿದವರಿಗೆ ಅನುದಾನ ನಿಲ್ಲಿಸಬೇಕಾದರೆ ಸರ್ಕಾರಗಳೇ ಬೇಕು. ಅವನ್ನು ಒಂದೆಡೆ ತರಲು ಹುಟ್ಟಿದ್ದು ಯುನೆಸ್ಕೊದ 2005ರ ಒಡಂಬಡಿಕೆ. ಅದು 2007ರ ಫೆಬ್ರುವರಿಯಲ್ಲಿ ಜಾರಿಗೆ ಬಂತು, ಭಾರತ ಅದೇ ವರ್ಷ ಸೇರಿತು, ಅಮೆರಿಕ 2008ರಲ್ಲಿ. ಇದೂ ಪ್ರತ್ಯೇಕ ಕರಾರಾದ್ದರಿಂದ ಯುನೆಸ್ಕೊ ಬಿಟ್ಟ ಮಾತ್ರಕ್ಕೆ ಅಮೆರಿಕ ಇದರಿಂದ ಬಿಡುಗಡೆ ಹೊಂದುವುದಿಲ್ಲ.

ಆದರೆ ಇಲ್ಲಿ ಇನ್ನೊಂದು ಜಗಳ ಹೆಣೆದುಕೊಂಡಿದೆ. 2021ರ ಆರಂಭದಲ್ಲಿ ಚೀನಾದ 23 ಈಜುಗಾರರ ಮಾದರಿಗಳಲ್ಲಿ ನಿಷೇಧಿತ ಹೃದ್ರೋಗದ ಔಷಧ ಕಂಡುಬಂದಿತ್ತು. ಹೋಟೆಲಿನ ಅಡುಗೆಮನೆಯಿಂದ ಆಹಾರಕ್ಕೆ ಬೆರೆತಿತ್ತು ಎಂಬ ಚೀನಾದ ವಿವರಣೆಯನ್ನು ವಾಡಾ ಪ್ರಶ್ನಿಸಲಿಲ್ಲ. ಅವರಲ್ಲಿ ಕೆಲವರು ಟೋಕಿಯೊ ಒಲಿಂಪಿಕ್ಸಿನಲ್ಲಿ ಈಜಿದರು. 2024ರಲ್ಲಿ ವಿಷಯ ಹೊರಬಿದ್ದಾಗ ಅಮೆರಿಕ ಕೆರಳಿತು. ಆ ವರ್ಷದ ಮೂವತ್ತಾರು ಲಕ್ಷ ಡಾಲರ್ ವಂತಿಗೆಯನ್ನು ತಡೆಹಿಡಿಯಿತು. ಸ್ವತಂತ್ರ ಪರಿಶೀಲನೆಯಲ್ಲಿ ತನ್ನ ಮೇಲೆ ಪಕ್ಷಪಾತದ ಆರೋಪ ಸಾಬೀತಾಗಲಿಲ್ಲ ಎಂಬುದು ವಾಡಾ ಸಮರ್ಥನೆ. ಪ್ರಬಲ ದೇಶಕ್ಕೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಎಂಬುದು ಅಮೆರಿಕದ ದೂರು. ದೂರಿನಲ್ಲಿ ಹುರುಳಿದೆ. ಆದರೆ ತಾನು ಒಪ್ಪದ ತೀರ್ಪು ಬಂದಾಗ ಹಣ ತಡೆಹಿಡಿಯುವ ಅನುಕೂಲ ಇರುವುದೂ ಪ್ರಬಲ ದೇಶಕ್ಕೇ.

ಭಾರತದ ಕಡೆಯ ಅಂಕಿ

ಈ ಜಗಳವನ್ನು ದೂರದಿಂದ ನೋಡಿ ಮಜಾ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾವಿಲ್ಲ. ವಾಡಾ ಪ್ರಕಟಿಸಿದ 2024ರ ಅಂಕಿಗಳಂತೆ ಭಾರತದಲ್ಲಿ ಪರೀಕ್ಷೆಗೊಳಗಾದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತು, ಅಂದರೆ ಶೇ 3.6. ಐದು ಸಾವಿರಕ್ಕಿಂತ ಹೆಚ್ಚು ಪರೀಕ್ಷೆ ನಡೆಸಿದ ದೇಶಗಳಲ್ಲಿ ಇದೇ ಅತಿ ಹೆಚ್ಚು. 2023ರಲ್ಲೂ ಹಾಗೆಯೇ: 5,606ರಲ್ಲಿ 213. ಪರೀಕ್ಷೆ ಹೆಚ್ಚಿದ್ದರಿಂದ ಸಿಕ್ಕಿಬೀಳುವವರೂ ಹೆಚ್ಚಿದರು ಎಂಬ ಅಧಿಕೃತ ಸಮಾಧಾನ ಪೂರ್ತಿ ಒಪ್ಪುವಂಥದ್ದಲ್ಲ, ಏಕೆಂದರೆ ಇಲ್ಲಿ ಹೋಲಿಸುತ್ತಿರುವುದು ಒಟ್ಟು ಸಂಖ್ಯೆಯನ್ನಲ್ಲ, ಪ್ರಮಾಣವನ್ನು. ನಮಗಿಂತ ಹೆಚ್ಚು ಪರೀಕ್ಷೆ ಮಾಡುವ ದೇಶಗಳಲ್ಲಿ ಪ್ರಮಾಣ ಕಡಿಮೆಯಿದೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಅಧಿಕಾರಿಗಳು ಬಂದಿದ್ದಾರೆ ಎಂದು ಗೊತ್ತಾದಾಗ ಪುರುಷರ ನೂರು ಮೀಟರ್ ಅಂತಿಮ ಓಟಕ್ಕೆ ಬಂದು ನಿಂತದ್ದು ಒಬ್ಬನೇ ಓಟಗಾರ.

ಅವರೆಲ್ಲ ಪದಕದ ಹುಚ್ಚಿಗೆ ಬಿದ್ದವರು ಎಂದು ತೀರ್ಪು ಕೊಡುವುದು ಸುಲಭ. ರಾಜ್ಯ ಮಟ್ಟದ ಒಂದು ಪ್ರಮಾಣಪತ್ರ ಪೊಲೀಸ್, ರೈಲ್ವೆ, ಸೇನೆಯ ಕ್ರೀಡಾ ಕೋಟಾದ ಬಾಗಿಲು ತೆರೆಯುವ ದೇಶದಲ್ಲಿ ಬಡ ಮನೆಯ ಹುಡುಗನಿಗೆ ಅದು ಜೀವಮಾನದ ಅನ್ನದ ಪ್ರಶ್ನೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಚುಚ್ಚುಮದ್ದಿನಲ್ಲಿ ಏನಿದೆ ಎಂದು ಓದಿ ಹೇಳುವವರೂ ಅವನ ಹತ್ತಿರ ಇರುವುದಿಲ್ಲ. ಮೊದಲ ತಪ್ಪಿಗೇ ನಾಲ್ಕು ವರ್ಷದ ನಿಷೇಧ ಬಿದ್ದರೆ ಅವನ ಓಟದ ವಯಸ್ಸೇ ಮುಗಿದಿರುತ್ತದೆ. ಮದ್ದು ಮಾರಿದವನು ಮುಂದಿನ ಊರಿನಲ್ಲಿರುತ್ತಾನೆ. ಅದೇ ಓಟದಲ್ಲಿ ಮದ್ದಿಲ್ಲದೆ ಓಡಿ ನಾಲ್ಕನೆಯವನಾದ ಇನ್ನೊಬ್ಬ ಬಡ ಹುಡುಗನ ನೌಕರಿ ಹೋದದ್ದು ಯಾವ ಅಂಕಿಯಲ್ಲೂ ಸೇರುವುದಿಲ್ಲ.

ಹಲ್ಲಿರುವ ನಿಯಮ, ಹಲ್ಲಿಲ್ಲದ ನಿಯಮ

ಒಂದೇ ಸಂಸ್ಥೆಯ ನೆರಳಿನಲ್ಲಿರುವ ಎರಡು ಒಡಂಬಡಿಕೆಗಳು ಎಷ್ಟು ಬೇರೆ ರೀತಿ ಕೆಲಸ ಮಾಡುತ್ತವೆ ನೋಡಿ. ಪರಂಪರೆಯ ಕಡೆ ಇರುವುದು ಮುಜುಗರ ಮಾತ್ರ. ಕ್ರೀಡೆಯ ಕಡೆ ವಾಡಾ ಕೈಯಲ್ಲಿ ನಿಜವಾದ ಶಿಕ್ಷೆಗಳಿವೆ: ಪ್ರಯೋಗಾಲಯದ ಮಾನ್ಯತೆ ರದ್ದು ಮಾಡಬಹುದು, ದೇಶದ ಧ್ವಜ ಹಾರದಂತೆ ತಡೆಯಬಹುದು, ದೊಡ್ಡ ಕೂಟಗಳ ಆತಿಥ್ಯ ತಪ್ಪಿಸಬಹುದು. ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದ ಮಾನ್ಯತೆಯನ್ನು 2019ರ ಆಗಸ್ಟಿನಲ್ಲಿ ಅಮಾನತು ಮಾಡಿದಾಗ, ಅದು ಮರಳುವ 2021ರ ಡಿಸೆಂಬರ್‌ವರೆಗೆ ನಮ್ಮ ಮಾದರಿಗಳು ಹೊರದೇಶಕ್ಕೆ ಹೋಗಬೇಕಾಯಿತು. 2022ರಲ್ಲಿ ಸಂಸತ್ತು ಮಾಡಿದ ಕಾನೂನಿನಲ್ಲಿ ನಾಡಾದ ಮೇಲೆ ಸರ್ಕಾರಿ ಮಂಡಳಿಯ ಹಿಡಿತ ಇದೆ ಎಂದು ವಾಡಾ ಆಕ್ಷೇಪಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ತಿದ್ದುಪಡಿ ಮಾಡಿತು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ತರಲು ಹೊರಟಿರುವಾಗ, 2036ರ ಒಲಿಂಪಿಕ್ಸ್ ಮೇಲೆ ಕಣ್ಣಿರುವಾಗ ವಾಡಾ ಮಾತನ್ನು ಕಡೆಗಣಿಸುವುದು ದೆಹಲಿಗೆ ಸಾಧ್ಯವಿರಲಿಲ್ಲ.

ಈ ವ್ಯತ್ಯಾಸದಿಂದಲೇ ಅಮೆರಿಕದ ನಿರ್ಗಮನದ ಪೆಟ್ಟು ಎಲ್ಲಿ ಜೋರಾಗಿ ಬೀಳುತ್ತದೆ ಎಂಬುದನ್ನು ಊಹಿಸಬಹುದು. ಶಿಕ್ಷೆಯ ಬಲವಿರುವ ಕಡೆ, ಹಣ ಸಾಕಷ್ಟು ಬೇರೆ ಮೂಲಗಳಿಂದ ಬರುವವರೆಗೆ, ವ್ಯವಸ್ಥೆ ನಡೆದುಕೊಂಡು ಹೋಗುತ್ತದೆ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸಿನಲ್ಲೇ ನಡೆಯುವುದರಿಂದ ಅಮೆರಿಕವೂ ಮದ್ದಿನ ನಿಯಮಗಳಿಗೆ ಪೂರ್ತಿ ಬೆನ್ನು ತಿರುಗಿಸಲಾರದು. ಮುಜುಗರವನ್ನೇ ನಂಬಿರುವ ಪರಂಪರೆಯ ಕಡೆ ಮಾತ್ರ ಸ್ಥಿತಿ ನಾಜೂಕು. ಹೆಸರು ಕೆಟ್ಟರೂ ಪರವಾಗಿಲ್ಲ ಎಂದು ಒಂದು ದೊಡ್ಡ ದೇಶ ಮತ್ತೆ ಮತ್ತೆ ತೋರಿಸಿಕೊಟ್ಟರೆ, ಮುಂದೊಂದು ದಿನ ‘ಅಪಾಯದ ಪಟ್ಟಿಗೆ ಸೇರಿಸಿದರೆ ಸೇರಿಸಲಿ’ ಎಂದು ಹೇಳುವ ಧೈರ್ಯ ಬೇರೆ ಸರ್ಕಾರಗಳಿಗೂ ಬರುತ್ತದೆ. 1999ರಲ್ಲಿ ಬೆಂಗಳೂರು ಹಾಗೆ ಹೇಳಿದ್ದರೆ ಆನೆಗೊಂದಿಯ ದಾರಿ ಇಂದು ಹೇಗಿರುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮುಂದೆ ನೋಡಬೇಕಾದ್ದು

ಯುನೆಸ್ಕೊದಲ್ಲಿ ಖಾಲಿಯಾಗುವ ಕುರ್ಚಿ ಖಾಲಿಯಾಗಿ ಉಳಿಯುವುದಿಲ್ಲ. ಕಳೆದ ಸಲ ಅಮೆರಿಕ ಇಲ್ಲದಾಗ ಅತಿ ಹೆಚ್ಚು ವಂತಿಗೆ ಕೊಡುವ ದೇಶವಾದದ್ದು ಚೀನಾ, ಈಗಲೂ ಹಾಗೆಯೇ ಆಗುತ್ತದೆ. ಯಾವ ಇತಿಹಾಸ ಪಟ್ಟಿಗೆ ಬರಬೇಕು, ಅದನ್ನು ಹೇಗೆ ಬಣ್ಣಿಸಬೇಕು ಎಂಬ ಚರ್ಚೆಗಳಲ್ಲಿ ಹಣ ಕೊಡುವವರ ದನಿ ಸಹಜವಾಗಿಯೇ ಗಟ್ಟಿಯಾಗುತ್ತದೆ. ಬಜೆಟ್ ಬಿಗಿಯಾದರೆ ತಾಣಗಳನ್ನು ಪರಿಶೀಲಿಸಲು ಬರುವ ತಜ್ಞರ ತಂಡಗಳು ಕಡಿಮೆಯಾಗಬಹುದು. ಅದು ಹಂಪಿಯಂಥ ತಾಣಕ್ಕೆ ಒಳ್ಳೆಯ ಸುದ್ದಿಯಲ್ಲ, ಹೊರಗಿನವರು ಬರುತ್ತಾರೆಂದಾಗಲೇ ನಮ್ಮ ಕಚೇರಿಗಳಲ್ಲಿ ಕೆಲವು ಕಡತಗಳು ಕದಲುವುದು.

ಕೊಪ್ಪಳದ ಮಟ್ಟಿಗೆ ಕಣ್ಣಿಡಬೇಕಾದದ್ದು ಇನ್ನೊಂದು ಬದಲಾವಣೆ. ನಾಮನಿರ್ದೇಶನಕ್ಕೆ ಮುಂಚೆ ‘ಪ್ರಾಥಮಿಕ ಮೌಲ್ಯಮಾಪನ’ ಎಂಬ ಹೊಸ ಹಂತವೊಂದು ಬಂದಿದೆ, 2027ರ ಬಳಿಕ ಅದು ಎಲ್ಲ ದೇಶಗಳಿಗೂ ಕಡ್ಡಾಯ. ಕಡತ ಕಳಿಸಿ, ತಜ್ಞರ ಅಭಿಪ್ರಾಯ ಪಡೆದು, ಆಮೇಲಷ್ಟೇ ಮುಖ್ಯ ಅರ್ಜಿ. ಹಿರೇಬೆಣಕಲ್ಲಿನ ಕಡತ ಆ ಹೊತ್ತಿಗೆ ಸಿದ್ಧವಿಲ್ಲದಿದ್ದರೆ ಕಾಯುವಿಕೆಗೆ ಇನ್ನೂ ಕೆಲವು ವರ್ಷ ಸೇರುತ್ತವೆ.

ಯಾವ ಪಟ್ಟಿಯಲ್ಲೂ ಇಲ್ಲದ ತಾಣಗಳ ಪಾಡು ಇದಕ್ಕಿಂತ ಬೇರೆ. ಬಳ್ಳಾರಿ ನಗರಕ್ಕೆ ಅಂಟಿಕೊಂಡಂತಿರುವ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗಗಳಿವೆ, ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳಿವೆ, ತಟ್ಟಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ. ಅಲ್ಲಿ ಸಿಕ್ಕ ವಸ್ತುಗಳಿಗಾಗಿ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ಆದರೆ ಗುಡ್ಡಗಳು ಮಾತ್ರ ಗ್ರಾನೈಟ್ ಕ್ವಾರಿಗಳಿಗೆ ತುತ್ತಾಗುತ್ತ ಬಂದಿವೆ. ಇವುಗಳಿಗೆ ಅಮೆರಿಕ ಇದ್ದರೂ ಒಂದೇ, ಹೋದರೂ ಒಂದೇ. ಇಲ್ಲಿ ಕ್ವಾರಿಯ ಪರವಾನಗಿಗೆ ಸಹಿ ಮಾಡುವುದೂ ಅದನ್ನು ತಡೆಯುವುದೂ ಜಿಲ್ಲಾಡಳಿತ ಮತ್ತು ಗಣಿ ಇಲಾಖೆಯ ಕೈಯಲ್ಲಿರುವ ಕೆಲಸ.